ಮಿಂಚಿನ ಸದ್ದು ಹಿಡಿಯಲು ಕೋಲು ಆಂಟೆನಾ ಒಳ್ಳೆಯದಾ, ಲೂಪಾ?

ದೂರದ ಮಿಂಚುಗಳ ರೇಡಿಯೊ ಸದ್ದು ಕೇಳುವ ಹುಚ್ಚು ಹತ್ತಿ ಎರಡು ರಿಸೀವರ್ ಕಟ್ಟಿದೆ. ಒಂದಕ್ಕೆ ಮೀಟರ್ ಉದ್ದದ ಕೋಲು ಆಂಟೆನಾ, ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಆಂಪ್ಲಿಫೈಯರ್, ಬ್ಯಾಟರಿ, ಹೆಡ್‌ಫೋನ್. ಇನ್ನೊಂದು ಮರದ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿದ ಲೂಪ್, ಪ್ರಿಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಮೂಲಕ ಲ್ಯಾಪ್‌ಟಾಪ್‌ಗೆ.

ಕೋಲನ್ನು ಮನೆಯೊಳಗೆ ಆನ್ ಮಾಡಿದರೆ ಬರೀ ಗುಂಯ್ ಅನ್ನುವ ಕರೆಂಟಿನ ಸದ್ದು. ಅಂಗಳದಲ್ಲೂ ಅದೇ ಕಥೆ. ಕರೆಂಟ್ ಲೈನು, ಮರಗಳು ಎರಡರಿಂದಲೂ ದೂರ, ಬಯಲಿನ ನಡುವೆ ಹೋಗಿ ನಿಂತು, ಪೆಟ್ಟಿಗೆಯ ಲೋಹದ ಭಾಗವನ್ನು ಕೈಯಲ್ಲಿ ಹಿಡಿದಾಗಲೇ (ನಮ್ಮ ಮೈಯೇ ಇದಕ್ಕೆ ಅರ್ತ್) ಗುಂಯ್ ಇಳಿದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಯಿತು. ರಾತ್ರಿ ಕೇಳಿದರೆ ಇನ್ನೂ ಮಜಾ. ಟ್ವೀಕ್ ಅನ್ನುವ ಚಿಂವ್ ಚಿಂವ್ ಸದ್ದು ಬರುತ್ತದೆ. ನೆಲಕ್ಕೂ ಅಯಾನುಗೋಳಕ್ಕೂ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ನಡುವಿನ ಜಾಗ ಕೊಳವೆಯ ಹಾಗೆ ಕೆಲಸ ಮಾಡುತ್ತದೆ, ಸುಮಾರು 1.8 ಕಿಲೋಹರ್ಟ್ಜ್ ಹತ್ತಿರದ ಅಲೆಗಳು ಅದರಲ್ಲಿ ತಡವಾಗಿ ಬರುತ್ತವೆ, ಅದಕ್ಕೇ ಸದ್ದಿನ ಕೊನೆಗೆ ಎಳೆದಂಥ ಬಾಲ. ಗಾಳಿ ಬೀಸಿದರೆ ಮಾತ್ರ ಕೋಲು ಅಲ್ಲಾಡಿ ಎಲ್ಲ ಹಾಳು.

ಲೂಪಿನ ಗುಣ ಬೇರೆ. ಅದನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ದಿಕ್ಕಿನಲ್ಲಿ ಕರೆಂಟಿನ ಗುಂಯ್ ತಟ್ಟನೆ ತಗ್ಗುತ್ತದೆ, ಹಾಗಾಗಿ ಮನೆಯ ಹಿಂದೆಯೇ ಸಾಕಷ್ಟು ಕೇಳಿಸಿತು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಲೇಬೇಕು, ಗಲಾಟೆ ಅದರದ್ದು ಅಂತ ಗೊತ್ತಾಗದೆ ನಾನು ಎರಡು ಸಂಜೆ ಪ್ರಿಆಂಪನ್ನೇ ಬೈಯುತ್ತಾ ಕಳೆದೆ! ಸೌಂಡ್ ಕಾರ್ಡಿನ ಸ್ಯಾಂಪ್ಲಿಂಗ್ ದರ 48 ಕಿಲೋಹರ್ಟ್ಜ್ ಇದ್ದರೆ ಆಸ್ಟ್ರೇಲಿಯಾದ ಜಲಾಂತರ್ಗಾಮಿ ಸಂಪರ್ಕದ ಸ್ಟೇಷನ್ನಿನ 19.8 ಕಿಲೋಹರ್ಟ್ಜ್ ಗೆರೆಯೂ ಪರದೆಯ ಮೇಲೆ ಕಾಣುತ್ತದೆ, ಕೋಲಿನಲ್ಲಿ ಬರೀ ಕಿವಿಯಿಂದ ಇದು ಆಗುವುದಿಲ್ಲ. ಆದರೆ ಕೆಳಗಿನ ಆವರ್ತನಕ್ಕೆ ಇಳಿದಷ್ಟೂ ಲೂಪಿನ ವೋಲ್ಟೇಜು ಕುಗ್ಗುತ್ತದೆ, ಟ್ವೀಕಿನ ಬಾಲ ನನಗೆ ಇದರಲ್ಲಿ ಮಂಕಾಗಿಯೇ ಕೇಳಿಸಿತು.

ವಿಸ್ಲರ್ ಸಿಕ್ಕಿದ್ದು ಒಂದೇ ಸಲ, ಬೆಳಗಿನ ಜಾವ, ಕೋಲಿನಲ್ಲಿ. ಭೂಮಿಯ ಕಾಂತರೇಖೆ ಹಿಡಿದು ದೂರ ಸುತ್ತಿ ಬರುವ ಮಿಂಚಿನ ಸಿಳ್ಳೆ ಅದು, ಮೇಲಿನಿಂದ ಕೆಳಕ್ಕೆ ಜಾರುತ್ತಾ ಹೋಯಿತು. ಹೀಗಾಗುವುದು ಯಾಕೆ ಅಂತ 1953ರಲ್ಲಿ ವಿಜ್ಞಾನಿ ಓವನ್ ಸ್ಟೋರಿ ವಿವರಿಸಿದ್ದರು. ಸುಮ್ನೆ ಲೂಪನ್ನೂ ಹೊತ್ತುಕೊಂಡು ಹೋಗಿದ್ದರೆ ರೆಕಾರ್ಡ್ ಆದರೂ ಆಗುತ್ತಿತ್ತು, ಅಲ್ವಾ?

ಶೂಮನ್ ಅನುರಣನದ (ಮಿಂಚಿನಿಂದ ಭೂಮಿ-ಅಯಾನುಗೋಳದ ನಡುವೆ ಏಳುವ ಅತಿ ಕೆಳಗಿನ ಕಂಪನ) 7.83 ಹರ್ಟ್ಜ್ ಬೇಕೆನ್ನುವವರು ಎರಡನ್ನೂ ಬಿಡಿ, ಅದಕ್ಕೆ ಸಾವಿರಾರು ಸುತ್ತಿನ ದೊಡ್ಡ ಕಾಯಿಲ್ ಬೇಕು. ಬಯಲು ಹತ್ತಿರವಿದ್ದರೆ ಕೋಲು ಕಟ್ಟಿ, ಇಲ್ಲದವರು ಲೂಪ್ ಸುತ್ತಿ.