ಸೋಲಾರ್ ಪ್ಯಾನಲ್ ತೊಳೆಯೋಕೆ ಬೋರ್ ನೀರೋ, ಮಳೆ ನೀರೋ, ಒಣ ಬಟ್ಟೆನೋ?

ನಮ್ಮನೆ ಇರೋದು ತುಮಕೂರು ಹೊರವಲಯದಲ್ಲಿ, ತಾರಸಿ ಮೇಲೆ 3 ಕಿಲೋವ್ಯಾಟ್ ಸಿಸ್ಟಮ್, ಬಿಸಿಲು ಚೆನ್ನಾಗಿದ್ರೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತೆ. ಪಿಎಂ ಸೂರ್ಯ ಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗೋಕೆ ಶುರುವಾದ್ಮೇಲೆ ಸುತ್ತಮುತ್ತ ಸುಮಾರು ಮನೆಗಳು ಹಾಕಿಸ್ಕೊಂಡಿವೆ, ಆದ್ರೆ ತೊಳೆಯೋದು ಹೇಗೆ ಅಂತ ಹಾಕೋಕೆ ಬಂದವರನ್ನ ಕೇಳಿದ್ರೆ "ಪೈಪಲ್ಲಿ ನೀರು ಹೊಡೀರಿ ಸಾರ್ ಸಾಕು" ಅಂತ ಹೇಳಿ ಹೋಗ್ತಾರೆ, ಯಾವ ನೀರು ಅಂತ ಒಬ್ರೂ ಹೇಳಲ್ಲ. ಇರೋ ವಿಷಯ ಎಲ್ಲಾ ಅದ್ರಲ್ಲೇ ಇದೆ.

ನಾನು ಒಂದೇ ಸಾಲಲ್ಲಿ ಎಡಗಡೆ ಪ್ಯಾನಲ್‌ಗಳಿಗೆ ಬೋರ್ ನೀರು, ಬಲಗಡೆದಕ್ಕೆ ಮಳೆ ನೀರು ಅಂತ ಮಾಡಿ ನೋಡಿದೆ. ಬೋರ್ ನೀರಲ್ಲಿ ಕೆಲಸ ಬೇಗ ಆಗುತ್ತೆ ನಿಜ, ಪೈಪ್ ಹಿಡಿದ್ರೆ ಧೂಳೆಲ್ಲ ಹೋಗಿ ಗಾಜು ಫಳಫಳ ಅನ್ನುತ್ತೆ, ಆದ್ರೆ ಒಣಗಿದ್ಮೇಲೆ ಹತ್ರ ಹೋಗಿ ನೋಡಿ, ಒಂದೊಂದು ಹನಿ ನಿಂತಿದ್ದ ಜಾಗದಲ್ಲೂ ಬಿಳಿ ಉಂಗುರ, ಕೆಳಗಿನ ಫ್ರೇಮ್ ಅಂಚಲ್ಲಂತೂ ಉಪ್ಪು ಗೆರೆ ಎಳೆದ ಹಾಗೆ ಕೂತಿರುತ್ತೆ, ಉಗುರಲ್ಲಿ ಕೆರೆದ್ರೂ ಬರಲ್ಲ. ನಮ್ಮ ಬೋರ್ ನೀರು ಟಿಡಿಎಸ್ ಮೀಟರಲ್ಲಿ, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋ ಮೀಟರಲ್ಲಿ, 800ರ ಮೇಲೆ ತೋರಿಸುತ್ತೆ. ಧೂಳಾದ್ರೆ ಮಳೆಗೆ ಹೋಗುತ್ತೆ, ಈ ಸುಣ್ಣದ ಕಲೆ ಮಳೆಗೂ ಹೋಗಲ್ಲ, ತೊಳೆದಷ್ಟೂ ದಪ್ಪ ಆಗುತ್ತೆ. ಬೋರ್ ಬಿಟ್ರೆ ಬೇರೆ ಗತಿ ಇಲ್ಲ ಅನ್ನೋರು ನೀರು ಹಾಕಿದ ತಕ್ಷಣ ಒಣಗೋಕೆ ಬಿಡದೆ ರಬ್ಬರ್ ವೈಪರಲ್ಲಿ ಎಳೆದುಬಿಡಿ, ಕಲೆ ತುಂಬಾ ಕಮ್ಮಿ ಆಗುತ್ತೆ.

ಮಳೆ ನೀರಿಗೆ ನಾನು ಮಾಡಿರೋದು ಇಷ್ಟೇ, ತಾರಸಿ ಪೈಪಿಗೆ ಒಂದು ಮುಚ್ಚಳ ಇರೋ ಡ್ರಮ್. ಆ ನೀರು ಮೀಟರಲ್ಲಿ 50ನ್ನೂ ಮುಟ್ಟಲ್ಲ. ಎರಡು ಬಕೆಟ್ ನೀರು, ಉದ್ದ ಕೋಲಿನ ಮೆತ್ತನೆ ಮಾಪು, ಅಷ್ಟರಲ್ಲಿ ಎಲ್ಲಾ ಪ್ಯಾನಲ್ ಮುಗಿಯುತ್ತೆ, ಸೋಪು ಬೇಡವೇ ಬೇಡ, ಅದರ ಜಿಡ್ಡಿಗೆ ಧೂಳು ಇನ್ನೂ ಜಾಸ್ತಿ ಅಂಟುತ್ತೆ. ಬಲಗಡೆ ಗಾಜಲ್ಲಿ ಇವತ್ತಿಗೂ ಒಂದು ಕಲೆ ಇಲ್ಲ. ಡ್ರಮ್ ಖಾಲಿ ಆದ್ರೆ ಪಟ್ಟಣದೊಳಗೆ ಅಕ್ಕನ ಮನೆ ನಲ್ಲಿಲಿ ಬರೋ ಹೇಮಾವತಿ ನೀರು ಒಂದು ಕ್ಯಾನ್ ತರ್ತೀನಿ. ಕುಡಿಯೋ ನೀರಿನ ಆರ್‌ಒ ಫಿಲ್ಟರಿಂದ ಹೊರಗೆ ಹೋಗೋ ವೇಸ್ಟ್ ನೀರು ಹಾಕಬಹುದಾ ಅಂತ ತುಂಬಾ ಜನ ಕೇಳ್ತಾರೆ, ದಯವಿಟ್ಟು ಬೇಡ, ಅದ್ರಲ್ಲಿ ಬೋರ್ ನೀರಿಗಿಂತ ಜಾಸ್ತಿ ಉಪ್ಪಿರುತ್ತೆ.

ಒಣ ಬಟ್ಟೆ ನಂಗೆ ಇಷ್ಟ ಆಗ್ಲಿಲ್ಲ. ನಮ್ಮ ಕಡೆ ಡಿಸೆಂಬರ್ ಜನವರಿಲಿ ರಾಗಿ ಒಕ್ಕಣೆ ಧೂಳು, ರಸ್ತೆ ಮಣ್ಣು ಎಲ್ಲಾ ಸೇರಿರುತ್ತೆ, ಅದ್ರ ಮೇಲೆ ಒಣಗಿದ್ದನ್ನ ಎಳೆದ್ರೆ ಮರಳು ಗಾಜನ್ನ ಗೀರುತ್ತೆ. ಆದ್ರೆ ಅದೇ ಚಳಿಗಾಲದಲ್ಲಿ ಬೆಳಿಗ್ಗೆ ಗಾಜಿನ ಮೇಲೆ ಇಬ್ಬನಿ ಚೆನ್ನಾಗಿ ಕೂತಿರುತ್ತಲ್ಲ, ಆವಾಗ ಮೈಕ್ರೋಫೈಬರ್ ಮಾಪಲ್ಲಿ ಮೇಲಿಂದ ಕೆಳಕ್ಕೆ ಒಂದ್ಸಲ ಎಳೀರಿ, ಉಪ್ಪಿಲ್ಲದ ನೀರು ಪುಕ್ಕಟೆ ಸಿಕ್ಕಂಗೆ.

ಭಾವನ ಮನೇಲಿ ಸ್ಪ್ರಿಂಕ್ಲರ್ ಹಾಕ್ಸಿದಾರೆ, ಟೈಮರ್ ಸಮೇತ. ನೋಡೋಕೆ ಚೆಂದ, ಆದ್ರೆ ಬೋರ್ ನೀರಿನ ಲೈನಿಗೇ ಕೊಟ್ಟಿರೋದ್ರಿಂದ ನಾಝಲ್ ಕಟ್ಕೊಳುತ್ತೆ, ಹಕ್ಕಿ ಹಿಕ್ಕೆ ಅಲ್ಲೇ ಇರುತ್ತೆ. ಹಿಕ್ಕೆ ಸಣ್ಣದು ಅಂತ ಬಿಡಬೇಡಿ, ಅದು ಮುಚ್ಚಿದ ಸೆಲ್, ಅಂದ್ರೆ ಪ್ಯಾನಲ್ ಒಳಗಿನ ಕರೆಂಟ್ ಮಾಡೋ ಸಣ್ಣ ಬಿಲ್ಲೆ, ಕಾದು ಬಿಸಿ ಆಗುತ್ತೆ, ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಅದರ ಮೇಲಿಟ್ಟು ನೆನೆಸಿ ಒರೆಸಿ, ಸ್ಕ್ರಬ್ಬರ್ ಮುಟ್ಟಿಸಬೇಡಿ.

ದುಡ್ಡು ಕೊಟ್ಟು ಕರೆಸೋ ಸರ್ವಿಸ್‌ನವರಿಂದ ಒಂದು ಲಾಭ ಇದೆ, ಅರ್ಥಿಂಗು, ನಟ್ ಬೋಲ್ಟು, ಕನೆಕ್ಟರ್ ಎಲ್ಲಾ ನೋಡ್ತಾರೆ, ಅದನ್ನ ನಾವು ಮಾಡೋಕಾಗಲ್ಲ, ಇನ್ವರ್ಟರ್ ಆಫ್ ಇದ್ರೂ ಬಿಸಿಲು ಬೀಳ್ತಿರೋವರೆಗೂ ಪ್ಯಾನಲ್ ವೈರಲ್ಲಿ ಡಿಸಿ ವೋಲ್ಟೇಜ್ ಇದ್ದೇ ಇರುತ್ತೆ. ಆದ್ರೆ ನಮ್ಮನೆಗೆ ಬಂದವರು ನಡುಮಧ್ಯಾಹ್ನ ಕಾರ್ ತೊಳೆಯೋ ಪ್ರೆಶರ್ ಪಂಪ್ ಹಿಡ್ಕೊಂಡು ಬಂದ್ರು, ನಾನು ಬೇಡ ಅಂದೆ. ಕಾದ ಗಾಜಿಗೆ ತಣ್ಣೀರು ಬಿದ್ರೆ ಬಿರುಕು ಬಿಡಬಹುದು, ಪ್ರೆಶರಿಗೆ ಅಂಚಿನ ಸೀಲ್ ಹೋಗಬಹುದು. ವರ್ಷಕ್ಕೊಂದ್ಸಲ ಚೆಕಿಂಗ್‌ಗೆ ಅವರನ್ನ ಕರೀರಿ, ತೊಳೆಯೋದು ನೀವೇ ಬಿಸಿಲು ಏರೋಕೆ ಮುಂಚೆ ಮಾಡ್ಕೊಳಿ.

ಮಳೆಗಾಲದಲ್ಲಿ ತೊಳೆಯೋ ಕೆಲಸ ಅಷ್ಟಿರಲ್ಲ, ಆದ್ರೂ ಕೆಳಗಿನ ಅಂಚು ನೋಡ್ತಿರಿ. ಇಳಿಜಾರು ಕಮ್ಮಿ ಇದ್ರೆ ಮಣ್ಣು ಅಲ್ಲೇ ಪಟ್ಟಿ ಕಟ್ಟುತ್ತೆ, ಪ್ಯಾನಲ್‌ನ ಗಿಡ್ಡ ಬದಿ ಕೆಳಗೆ ಬರೋ ಹಾಗೆ ಉದ್ದುದ್ದ ನಿಲ್ಲಿಸಿದ್ರಂತೂ ಆ ಒಂದು ಸಾಲು ಸೆಲ್ ಮುಚ್ಚಿದ್ರೆ ಇಡೀ ಪ್ಯಾನಲ್ ಕೊಡೋ ಕರೆಂಟೇ ಇಳಿಯುತ್ತೆ.