ಚಾಕೋ, ನಾಣ್ಯವೋ, ಕಾರ್ಡೋ: ಪೂಲ್ ಮೇಜಿನ ಗುರುತು ಮತ್ತು ತೀರ್ಪು

ಬಳ್ಳಾರಿಯ ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟ ಪೂಲ್ ಪಾರ್ಲರಿನೊಳಗೆ ನುಗ್ಗುವ ಕೆಂಧೂಳು, ಆಟದ ಕೋಲಿನ ತುದಿಗೆ ಹಚ್ಚುವ ಚಾಕಿನ ನೀಲಿ ಪುಡಿಯೊಂದಿಗೆ ಸೇರಿ ಚೆಂಡುಗಳಿಗೆ ಮೆತ್ತಿಕೊಳ್ಳುತ್ತದೆ. ಅಂಥ ಕಣವೊಂದು ಎರಡು ಚೆಂಡುಗಳ ನಡುವೆ ಸಿಕ್ಕಿದರೆ ಸರಿಯಾಗಿ ಹೊಡೆದ ಚೆಂಡೂ ದಾರಿ ತಪ್ಪುತ್ತದೆ. ಆದ್ದರಿಂದ ಆಟದ ನಡುವೆ ಚೆಂಡನ್ನೆತ್ತಿ ಒರೆಸಬೇಕಾಗುತ್ತದೆ. ಒರೆಸಿದ ಚೆಂಡನ್ನು ಅದೇ ಜಾಗದಲ್ಲಿ ಇಡುವುದು ಹೇಗೆ ಎಂಬಲ್ಲಿಂದ ನಮ್ಮ ತಕರಾರು ಶುರುವಾಗುತ್ತದೆ. ಕೌಲ್ ಬಜಾರ್ ಕಡೆಯ ಪಾರ್ಲರೊಂದರಲ್ಲಿ ಗೆಳೆಯರೊಂದಿಗೆ ಆಡುತ್ತ ಮೂರು ಬಗೆಯ ಗುರುತುಗಳನ್ನು ಬಳಸಿ ನೋಡಿದ್ದೇನೆ.

ಚಾಕನ್ನು ಚೆಂಡಿಗೆ ಒತ್ತಿ ಇಡುವುದು ಎಲ್ಲರಿಗೂ ಸುಲಭ, ಆದರೆ ಮೇಜಿನ ಬಟ್ಟೆಯ ಮೇಲೆ ಕಲೆ ಉಳಿಯುತ್ತದೆ. ಆ ಪದ್ಧತಿಯನ್ನು ಒಂದೇ ವಾರದಲ್ಲಿ ಕೈಬಿಟ್ಟೆವು. ಹತ್ತು ರೂಪಾಯಿಯ ನಾಣ್ಯ ಕಲೆ ಮಾಡುವುದಿಲ್ಲ. ಅದರ ತೊಂದರೆ ಬೇರೆ: ದುಂಡಗಿನ ನಾಣ್ಯ ದುಂಡಗಿನ ಚೆಂಡನ್ನು ಒಂದೇ ಬಿಂದುವಿನಲ್ಲಿ ಮುಟ್ಟುವುದರಿಂದ, ಮರಳಿ ಇಡುವವನು ಚೆಂಡನ್ನು ನಾಣ್ಯದ ಸುತ್ತ ಯಾವ ಕಡೆಗಾದರೂ ತುಸು ಸರಿಸಬಹುದು, ಮತ್ತು ಸರಿಸಿದ್ದು ಅವನಿಗೇ ತಿಳಿಯದಿರಬಹುದು. ಅವಧಿ ಮುಗಿದ ಎಟಿಎಂ ಕಾರ್ಡಿನ ಒಂದು ಮೂಲೆಯನ್ನು ಒಳಮುಖವಾಗಿ, ಲಂಬಕೋನದಲ್ಲಿ ಕತ್ತರಿಸಿದಾಗ ಈ ಗೊಂದಲ ತೀರಿತು. ಆ ಕಚ್ಚು ಚೆಂಡನ್ನು ಎರಡು ಬದಿಗಳಲ್ಲಿ ಮುಟ್ಟುತ್ತದೆ, 57.15 ಮಿಲಿಮೀಟರ್ ವ್ಯಾಸದ ಚೆಂಡಿಗೆ ಆ ಎರಡು ಸ್ಪರ್ಶಗಳ ನಡುವೆ ಕೂರಲು ಒಂದೇ ಜಾಗವಿರುತ್ತದೆ. ಸ್ನೂಕರ್ ರೆಫರಿಯ ಜೇಬಿನಲ್ಲಿರುವ ಮಾರ್ಕರ್ ಮಾಡುವುದೂ ಇದೇ ಕೆಲಸವನ್ನು. ಚೆಂಡುಗಳು ಗುಂಪುಗೂಡಿರುವಲ್ಲಿ ಮಾತ್ರ ಕಾರ್ಡು ತೂರುವುದಿಲ್ಲ, ಅಲ್ಲಿ ಒರೆಸುವ ಆಸೆಯನ್ನೇ ಬಿಡಬೇಕು.

ತೀರ್ಪಿನ ವಿಷಯ ಇಷ್ಟು ಸಲೀಸಲ್ಲ. ಸ್ನೂಕರ್ ಪಂದ್ಯದಲ್ಲಿ ಕೈಗವಸು ತೊಟ್ಟ ರೆಫರಿ ಕೊನೆಯವರೆಗೂ ಮೇಜಿನ ಬಳಿಯೇ ಇರುತ್ತಾನೆ. ಪೂಲ್ ಪಂದ್ಯಾವಳಿಗಳಲ್ಲಿ ಹಲವು ಮೇಜುಗಳಿಗೆ ಒಬ್ಬನೇ ಇದ್ದು, ಕರೆದಾಗ ಬರುವ ರೂಢಿಯೂ ಉಂಟು. ನಮ್ಮಲ್ಲಿ ಅವನೂ ಇಲ್ಲ. (ಪಾರ್ಲರಿನ ಹುಡುಗನನ್ನು ಮಾರ್ಕರ್ ಎಂದು ಕರೆಯುತ್ತೇವಾದರೂ ಅವನು ಗುರುತು ಹಾಕುವುದು ಗಂಟೆಯ ಬಾಡಿಗೆಗೆ ಮಾತ್ರ.) ಎದುರಾಳಿಯೇ ಫೌಲ್ (ಬಿಳಿ ಚೆಂಡು ಮೊದಲು ಮುಟ್ಟಬೇಕಾದ ಚೆಂಡನ್ನು ಬಿಟ್ಟು ಬೇರೊಂದಕ್ಕೆ ತಗುಲುವಂಥ ತಪ್ಪು) ಹೇಳಬೇಕೆಂಬ ಕ್ರಮ ಸ್ನೇಹದಾಟದಲ್ಲಿ ನಡೆಯಿತು, ಹಣ ಕಟ್ಟಿದ ದಿನ ನಡೆಯಲಿಲ್ಲ. ಫೋನಿನ ವಿಡಿಯೊ ಇನ್ನೂ ನಿರಾಶೆ ತಂದಿತು: ಸೆಕೆಂಡಿಗೆ 2 ಮೀಟರ್ ವೇಗದ ಬಿಳಿ ಚೆಂಡು ಸೆಕೆಂಡಿಗೆ 30 ಚೌಕಟ್ಟುಗಳ (ಫ್ರೇಮ್) ವಿಡಿಯೊದಲ್ಲಿ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಆರೂವರೆ ಸೆಂಟಿಮೀಟರಿಗೂ ಹೆಚ್ಚು ದಾಟುತ್ತದೆ, ಅಂದರೆ ಚೆಂಡಿನ ವ್ಯಾಸಕ್ಕಿಂತ ದೂರ, ಮೊದಲು ಯಾವ ಚೆಂಡಿಗೆ ತಗುಲಿತು ಎಂಬ ಕ್ಷಣವೇ ಅದರಲ್ಲಿ ಕಾಣುವುದಿಲ್ಲ.

ಉಳಿದದ್ದು ಪಕ್ಕದ ಮೇಜಿನವನನ್ನು ಕರೆಯುವುದು, ಅದೂ ಹೊಡೆತಕ್ಕೆ ಮೊದಲು. ಹೊಡೆದ ಮೇಲೆ ಕರೆದರೆ ಅವನು ಹೇಳುವುದು ಊಹೆಯನ್ನಷ್ಟೇ. ಅವನಿಗೂ ತಿಳಿಯದಿದ್ದಾಗ ಅಂತರರಾಷ್ಟ್ರೀಯ ನಿಯಮವನ್ನೇ ಪಾಲಿಸುತ್ತೇವೆ: ಎರಡು ಚೆಂಡುಗಳಿಗೆ ಏಕಕಾಲಕ್ಕೆ ತಗುಲಿದಂತಿದ್ದರೆ ನ್ಯಾಯವಾದ ಚೆಂಡಿಗೇ ಮೊದಲು ತಗುಲಿತೆಂದು ಭಾವಿಸಬೇಕು.

ಸೋತ ನಾಣ್ಯಕ್ಕೆ ಈಗ ಬೇರೆ ಉದ್ಯೋಗ ಸಿಕ್ಕಿದೆ. ನೈನ್-ಬಾಲ್‌ನಲ್ಲಿ (ಒಂಬತ್ತು ಚೆಂಡುಗಳ ಪೂಲ್ ಆಟ) ಸತತ ಮೂರು ಫೌಲ್ ಮಾಡಿದವನು ಆ ರ‍್ಯಾಕ್ (ಒಂದು ಸುತ್ತಿನ ಆಟ) ಸೋಲುತ್ತಾನೆ, ಆದರೆ ಎರಡನೆಯದರ ನಂತರ ಅವನಿಗೆ ಎಚ್ಚರಿಕೆ ಕೊಟ್ಟಿರಬೇಕು. ಫೌಲಿಗೊಂದರಂತೆ ನಾಣ್ಯವನ್ನು ಮೇಜಿನ ಅಂಚಿನಲ್ಲಿ ಇಡುತ್ತೇವೆ. ಎರಡು ನಾಣ್ಯ ಕಂಡವನು ‘ನನಗೆ ಯಾರೂ ಹೇಳಲಿಲ್ಲ’ ಎನ್ನುವಂತಿಲ್ಲ.