ಟೂಲ್ ಬಾಕ್ಸ್, ಮ್ಯಾಗ್ನೆಟ್ ಬಟ್ಟಲು, ಸುತ್ತುವ ಚೀಲ: ಬೇಸ್‌ಮೆಂಟಿನಲ್ಲಿ ಕಾರ್ ಕೆಲಸಕ್ಕೆ ಯಾವುದು ಒದಗಿತು

ಮೊದಲೇ ಹೇಳಿಬಿಡುತ್ತೇನೆ, ಮೂರರಲ್ಲಿ ಗೆದ್ದಿದ್ದು ಎಲ್ಲಕ್ಕಿಂತ ಅಗ್ಗದ್ದು. ಅಂಗೈಗಿಂತ ಸ್ವಲ್ಪ ದೊಡ್ಡ ಸ್ಟೀಲ್ ಬಟ್ಟಲು, ಅಡಿಯಲ್ಲಿ ರಬ್ಬರ್ ಹೊದಿಸಿದ ಮ್ಯಾಗ್ನೆಟ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 300 ರೂಪಾಯಿ ಆಸುಪಾಸಿಗೆ ಸಿಕ್ಕಿತು. ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ತಿಂದ ಐದು ಖಾನೆಯ ಕಬ್ಬಿಣದ ಟೂಲ್ ಬಾಕ್ಸ್ ಪರವಾಗಿಲ್ಲ, ಆದರೆ ಅದರ ಕೆಲಸ ಬೇರೆ.

ನನ್ನದು ಹಳೇ ಆಲ್ಟೋ. ಗ್ಯಾರೇಜು ಅಂತ ಏನೂ ಇಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟೇ ಗತಿ. ಆಯಿಲ್, ಫಿಲ್ಟರ್, ಪ್ಲಗ್, ಬ್ಯಾಟರಿ, ಬ್ರೇಕ್ ಪ್ಯಾಡ್, ಇಷ್ಟನ್ನು ನಾನೇ ಮಾಡಿಕೊಳ್ಳುತ್ತೇನೆ, ಉಳಿದದ್ದು ಮೆಕ್ಯಾನಿಕ್ ಹತ್ತಿರ. ಬೆಳಕು ಕಮ್ಮಿ, ನೆಲ ಸ್ವಲ್ಪ ಇಳಿಜಾರು, ಪಕ್ಕದಲ್ಲೇ ನೀರು ಹೋಗುವ ಮೋರಿಯ ಜಾಲರಿ. ಕೈಯಿಂದ ಜಾರಿದ ನಟ್ಟು ಎಲ್ಲೂ ನಿಲ್ಲದೆ ನೇರ ಅಲ್ಲಿಗೇ ಹೋಗುತ್ತದೆ, ಯಾರೋ ಹೇಳಿಕೊಟ್ಟ ಹಾಗೆ. ಆ ಜಾಲರಿ ಎತ್ತಬೇಕೆಂದರೆ ಅಸೋಸಿಯೇಷನ್‌ನವರನ್ನು ಕೇಳಬೇಕು. ಅದಕ್ಕಿಂತ ಹೊಸ ನಟ್ಟು ತರುವುದೇ ಸುಲಭ.

ಟೂಲ್ ಬಾಕ್ಸ್ ವಿಷಯಕ್ಕೆ ಬರೋಣ. ಎಲ್ಲರೂ ನೋಡಿರುತ್ತೀರಿ, ಮೇಲಿನ ಹಿಡಿ ಎರಡನ್ನೂ ಅತ್ತಿತ್ತ ಎಳೆದರೆ ನಾಲ್ಕು ಟ್ರೇ ಮೆಟ್ಟಿಲಿನಂತೆ ಬಿಚ್ಚಿಕೊಂಡು ತಳದಲ್ಲಿ ದೊಡ್ಡ ಖಾನೆ ಕಾಣುವಂಥದ್ದು. ಎಲೆಕ್ಟ್ರಿಷಿಯನ್‌ಗಳ ಹತ್ತಿರವೂ ಇರುತ್ತದೆ. ಇಡುವುದಕ್ಕೆ ತುಂಬಾ ಒಳ್ಳೆಯದು. ಎಡಗಡೆ ಮೇಲಿನ ಟ್ರೇಯಲ್ಲಿ ರಿಂಗ್ ಸ್ಪ್ಯಾನರ್, ಬಲಗಡೆ ಸಾಕೆಟ್ಟು, ಕೆಳಗೆ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ತಳದಲ್ಲಿ ಸುತ್ತಿಗೆ, ವೀಲ್ ಸ್ಪ್ಯಾನರ್, ಚಿಂದಿ ಬಟ್ಟೆ. ಒಮ್ಮೆ ಹೀಗೆ ಜೋಡಿಸಿದರೆ ಹುಡುಕುವ ಗೋಳು ಇಲ್ಲ.

ತೊಂದರೆ ಇರುವುದು ಕೆಲಸ ಮಾಡುವಾಗ. ಬಿಚ್ಚಿದರೆ ಅಗಲ ಎರಡರಷ್ಟಾಗುತ್ತದೆ, ನನ್ನ ಕಾರಿಗೂ ಪಕ್ಕದ ಮನೆಯವರ ಕಾರಿಗೂ ನಡುವೆ ಇರುವ ಜಾಗವೇ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು, ಅದರಲ್ಲಿ ಈ ಪೆಟ್ಟಿಗೆ ಕೈ ಚಾಚಿಕೊಂಡು ಕೂತರೆ ನಾನು ನಿಲ್ಲುವುದೆಲ್ಲಿ? ದೂರ ಇಟ್ಟರೆ ಪ್ರತಿ ಸ್ಪ್ಯಾನರ್‌ಗೂ ನಡೆದು, ಬಗ್ಗಿ, ಎದ್ದು ಬರಬೇಕು. ಬಾನೆಟ್ ಕೆಲಸ ನಿಂತು ಮಾಡುವಂಥದ್ದು, ಪೆಟ್ಟಿಗೆ ನೆಲದಲ್ಲಿ. ಸೊಂಟಕ್ಕೆ ಗೊತ್ತಾಗುತ್ತದೆ. ಇನ್ನೊಂದು, ನಾನು ತಂದ ಪೆಟ್ಟಿಗೆಯ ಒಂದು ಕೀಲಿನ ರಿವಿಟ್ ಸಡಿಲವಾಗಿ ಆ ಕಡೆಯ ಟ್ರೇ ಓರೆಯಾಗಿ ಏಳುತ್ತದೆ. ಅಂಗಡಿಯವರು “ಅದು ಹಾಗೇ ಇರುತ್ತೆ ಸಾರ್” ಅಂದರು. ಕೊಳ್ಳುವಾಗ ಖಾಲಿ ಪೆಟ್ಟಿಗೆ ತೆರೆದು ಮುಚ್ಚಿದರೆ ಸಾಲದು. ಟ್ರೇಯಲ್ಲಿ ಒಂದಷ್ಟು ಭಾರ ಇಟ್ಟು ನೋಡಿ.

ಹತ್ತಿರ ಜಾಗ ಇಲ್ಲದಿದ್ದಾಗ ಜನ ಏನು ಮಾಡುತ್ತಾರೆ? ಸ್ಪ್ಯಾನರ್ ತೆಗೆದು ಬ್ಯಾಟರಿ ಮೇಲೆ ಇಡುತ್ತಾರೆ. ಬಾನೆಟ್ ಒಳಗೆ ಸಪಾಟಾಗಿರುವ ಜಾಗ ಅದೊಂದೇ ಅಲ್ವಾ! ದಯವಿಟ್ಟು ಬೇಡ. ಪಾಸಿಟಿವ್ ಟರ್ಮಿನಲ್‌ಗೂ ಬಾಡಿಗೂ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಸಾಕು, ಕಿಡಿ ಹಾರಿ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಬ್ಯಾಟರಿ ಕಳಚುವಾಗ ನೆಗೆಟಿವ್ ಮೊದಲು ತೆಗೆಯಿರಿ ಅನ್ನುವುದೂ ಇದಕ್ಕೇ. ರೇಡಿಯೇಟರ್ ಫ್ಯಾನ್ ಹತ್ತಿರ ಇಡುವುದೂ ಅಷ್ಟೇ ಅಪಾಯ. ಎಂಜಿನ್ ಬಿಸಿ ಇದ್ದರೆ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಅದು ತಾನಾಗಿ ತಿರುಗುತ್ತದೆ.

ಈಗ ಬಟ್ಟಲು. ಅದರ ಗಮ್ಮತ್ತು ಎಂದರೆ ಅದು ಕೆಲಸ ಇರುವ ಕಡೆಗೇ ಬರುತ್ತದೆ. ಬಾನೆಟ್ ಮುಂದಿನ ಕಬ್ಬಿಣದ ಪಟ್ಟಿಗೆ ಅಂಟಿಸಿ, ಚಕ್ರ ಬಿಚ್ಚಿದಾಗ ಒಳಗಿನ ಸಸ್ಪೆನ್ಷನ್ ಕಂಬಿಗೆ ಅಂಟಿಸಿ, ನೆಟ್ಟಗೆ ಅಂಟಿಸಿದರೂ ಸರಿ, ಓರೆಯಾಗಿ ಅಂಟಿಸಿದರೂ ಸರಿ, ಒಳಗಿನ ನಟ್ಟು ಬೋಲ್ಟು ಬೀಳುವುದಿಲ್ಲ. ಏರ್ ಫಿಲ್ಟರ್ ಡಬ್ಬಿಯ ಬೋಲ್ಟು, ಬ್ಯಾಟರಿ ಕ್ಲಾಂಪಿನ ನಟ್ಟು, ಆಗ ಬಳಸುತ್ತಿರುವ ಎರಡು ಮೂರು ಸಾಕೆಟ್ಟು, ಎಲ್ಲ ಅದರಲ್ಲೇ. ಇದು ಬಂದ ಮೇಲೆ ಜಾಲರಿಗೆ ದಾನ ಮಾಡುವುದು ಹೆಚ್ಚುಕಡಿಮೆ ನಿಂತಿದೆ.

ಆದರೆ ಇದಕ್ಕೂ ಮಿತಿ ಇದೆ, ಡಬ್ಬಿ ಮೇಲೆ ಯಾರೂ ಬರೆಯುವುದಿಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಅಂಟುವುದಿಲ್ಲ. ಆಯಿಲ್ ಬೋಲ್ಟಿನ ವಾಷರ್ ಎಷ್ಟೋ ಸಲ ತಾಮ್ರದ್ದೋ ಅಲ್ಯೂಮಿನಿಯಂನದೋ ಆಗಿರುತ್ತದೆ, ಬಟ್ಟಲು ಓರೆಯಾದರೆ ಅದು ಕೆಳಗೆ. ಪ್ಲಾಸ್ಟಿಕ್ ಕ್ಲಿಪ್ಪಿನ ಕಥೆಯೂ ಇದೇ. ಅವಕ್ಕೆ ಬೇರೆ ಡಬ್ಬಿ ಇಡಿ. ಬೇರಿಂಗನ್ನಂತೂ ಇದರಲ್ಲಿ ಹಾಕಲೇಬೇಡಿ. ಬಟ್ಟಲ ತಳದಲ್ಲಿ ಸೇರಿರುವ ಕಬ್ಬಿಣದ ಪುಡಿ ಹೋಗಿ ಬೇರಿಂಗಿಗೆ ಮೆತ್ತಿಕೊಳ್ಳುತ್ತದೆ. ಆ ಪುಡಿ ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಹೋಗುವುದಿಲ್ಲ, ಅಗಲ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಚೆನ್ನಾಗಿ ಬರುತ್ತದೆ. ಬಣ್ಣ ಇರುವ ಮಡ್‌ಗಾರ್ಡಿಗೆ ಅಂಟಿಸುವುದಾದರೆ ರಬ್ಬರ್ ತಳ ಒರೆಸಿ ಅಂಟಿಸಿ, ತೆಗೆಯುವಾಗ ಜಾರಿಸದೆ ಒಂದು ಅಂಚು ಎತ್ತಿ ತೆಗೆಯಿರಿ. ನಡುವೆ ಒಂದು ಮರಳಿನ ಕಣ ಇದ್ದರೂ ಗೀರು ಖಂಡಿತ. ಕೆಲವು ದುಬಾರಿ ಕಾರುಗಳ ಬಾನೆಟ್ ಅಲ್ಯೂಮಿನಿಯಂನದು, ಅಲ್ಲಿ ಅಂಟುವುದೇ ಇಲ್ಲ.

ಮೂರನೆಯದು ಕ್ಯಾನ್ವಾಸ್ ಸುತ್ತುವ ಚೀಲ. ಜೇಬು ಜೇಬಾಗಿ ಹೊಲಿದಿರುತ್ತದೆ, ಸ್ಪ್ಯಾನರ್ ತುರುಕಿ ಸುತ್ತಿ ಕಟ್ಟಿ ಡಿಕ್ಕಿಯಲ್ಲಿ ಎಸೆದರೆ ಆಯಿತು, ಗಲಗಲ ಸದ್ದಿಲ್ಲ. ಮಾರುತಿಯ ದಿನನಿತ್ಯದ ಕೆಲಸಕ್ಕೆ 8, 10, 12, 14, 17 ಎಂಎಂ ಮತ್ತು ಚಕ್ರಕ್ಕೆ 19 ಇದ್ದರೆ ಬಹುಪಾಲು ಮುಗಿಯುತ್ತದೆ, ಹಾಗಾಗಿ ಚೀಲ ಚಿಕ್ಕದೇ ಸಾಕು. 10 ಎಂಎಂ ಮಾತ್ರ ಎರಡು ಇಟ್ಟುಕೊಳ್ಳಿ, ಬ್ಯಾಟರಿಯಿಂದ ಹಿಡಿದು ಎಲ್ಲದಕ್ಕೂ ಅದೇ ಬೇಕು. ಪೋಲೋ ಥರದ ಕಾರು ಇರುವವರ ಲೆಕ್ಕ ಬೇರೆ. ಅವರಿಗೆ 13, 16 ಮತ್ತು ನಕ್ಷತ್ರದ ತುದಿಯ ಟಾರ್ಕ್ಸ್ ಬಿಟ್‌ಗಳೂ ಬೇಕು, ಚಕ್ರದ ಬೋಲ್ಟೂ 17. ಚೀಲದ ದೋಷ ಒಂದೇ, ಎಣ್ಣೆ ಕುಡಿದರೆ ವಾಸನೆ ಹೋಗುವುದಿಲ್ಲ. ಒದ್ದೆ ಸ್ಪ್ಯಾನರ್ ಸುತ್ತಿಟ್ಟರೆ ತುಕ್ಕು. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಇದನ್ನು ನಂಬಬೇಡಿ.

ಚಕ್ರದ ಮೂರು ತಟ್ಟಿನ ಟ್ರಾಲಿ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಪರಿಚಯದ ಮೆಕ್ಯಾನಿಕ್ ಒಬ್ಬರ ಗ್ಯಾರೇಜಿನಲ್ಲಿ ಇದೆ, ಸೊಂಟದ ಎತ್ತರಕ್ಕೆ ಸಾಮಾನು ಸಿಗುವುದರಿಂದ ನಿಜಕ್ಕೂ ಅದೇ ರಾಜ, ಆದರೆ ಸಪಾಟಾದ ಸಿಮೆಂಟ್ ನೆಲ ಇದ್ದವರಿಗೆ ಮಾತ್ರ. ನಮ್ಮ ಇಳಿಜಾರಿನಲ್ಲಿ ಬ್ರೇಕ್ ಹಾಕದಿದ್ದರೆ ಪಕ್ಕದ ಕಾರಿನ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ರಾತ್ರಿ ಎಲ್ಲಿ ಬಿಡುವುದು ಅನ್ನುವುದು ಬೇರೆ ಪ್ರಶ್ನೆ. ಅವರ ಹತ್ತಿರ ಗಮನಿಸಿದ್ದು ಏನೆಂದರೆ, ಟ್ರಾಲಿ ತುಂಬಾ ಸಾಮಾನಿದ್ದರೂ ಮೇಲಿನ ತಟ್ಟಿನಲ್ಲಿ ಆ ಹೊತ್ತಿನ ಕೆಲಸಕ್ಕೆ ಬೇಕಾದದ್ದಷ್ಟೇ ಇರುತ್ತದೆ. ನಾನು ಒಮ್ಮೆ ಅಲ್ಲಿ ಪೂರ್ತಿ ಸೆಟ್ ಹರಡಿಕೊಂಡಾಗ, “ಏನ್ ಸಾರ್, ಎಂಜಿನ್ ಇಳಿಸ್ತೀರಾ? ಪ್ಲಗ್ ತಾನೇ?” ಅಂತ ನಕ್ಕರು.

ಈಗ ನಾನು ಮಾಡುವುದೂ ಹಾಗೆಯೇ. ಪೆಟ್ಟಿಗೆ ಮನೆಯಲ್ಲಿ, ಮೇಲಿನ ಮಹಡಿಯಲ್ಲಿ. ಕೆಳಗೆ ಇಳಿಯುವ ಮುಂಚೆ ಬೇಕಾದದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ, ಮಡ್‌ಗಾರ್ಡ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಚೀಲ ಬಿಚ್ಚುತ್ತೇನೆ, ಬಟ್ಟಲು ಮುಂದಿನ ಪಟ್ಟಿಗೆ. ಮುಗಿದ ಮೇಲೆ ಚೀಲದಲ್ಲಿ ಖಾಲಿ ಜೇಬು ಕಂಡರೆ ಬಾನೆಟ್ ಮುಚ್ಚುವುದಿಲ್ಲ.

ದುಡ್ಡು ಕಮ್ಮಿ ಇದ್ದರೆ ಬಟ್ಟಲು ಮತ್ತು ಚೀಲ ಮಾತ್ರ ತೆಗೆದುಕೊಳ್ಳಿ. ಬಟ್ಟಲನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿ: 19ರ ಸಾಕೆಟ್ ಒಂದನ್ನು ಒಳಗಿಟ್ಟು ತಲೆಕೆಳಗು ಮಾಡಿ ಸ್ವಲ್ಪ ಅಲ್ಲಾಡಿಸಿ. ಬಿದ್ದರೆ ಮುಂದಿನ ಅಂಗಡಿಗೆ ಹೋಗಿ, ಎಸ್‌ಪಿ ರೋಡಿನಲ್ಲಿ ಅಂಗಡಿಗೇನು ಬರವೇ.